ಕೆಲಸ ಕಳೆದುಕೊಂಡ ಕಾರ್ಯದರ್ಶಿ

ಮೆಕಿಯವೆಲ್ಲಿ ಎಂದೊಡನೆ ಕುಟಿಲ ರಾಜನೀತಿ ನೆನಪಾಗುತ್ತದೆ. ಆದರೆ ‘ದಿ ಪ್ರಿನ್ಸ್’ ಬರೆದಾಗ ಆತ ಕೆಲಸ ಕಳೆದುಕೊಂಡ ನೌಕರ. 1469ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿದ ಈತ, 1498ರಿಂದ 14 ವರ್ಷ ಆ ಗಣರಾಜ್ಯದ ಕಾರ್ಯದರ್ಶಿ; ರಾಯಭಾರಕ್ಕಾಗಿ ಫ್ರಾನ್ಸಿನವರೆಗೂ ಹೋಗಿಬಂದವನು. 1512ರಲ್ಲಿ ಮೆಡಿಚಿ ಮನೆತನ ಅಧಿಕಾರಕ್ಕೆ ಮರಳಿತು, ಹುದ್ದೆ ಹೋಯಿತು. ಮರುವರ್ಷ ಪಿತೂರಿಯ ಶಂಕೆಯಲ್ಲಿ ಸೆರೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲೆಳೆದು ಕೆಳಕ್ಕೆ ಬಿಡುವ ಚಿತ್ರಹಿಂಸೆ. ಆತ ಏನನ್ನೂ ಒಪ್ಪಿಕೊಳ್ಳಲಿಲ್ಲ.

ಬಿಡುಗಡೆಯಾಗಿ ಹಳ್ಳಿ ಸೇರಿದ. ಹಗಲು ಇಸ್ಪೀಟು, ಜಗಳ. ಸಂಜೆ ಕೆಸರುಬಟ್ಟೆ ಕಳಚಿ, ಆಸ್ಥಾನದ ಉಡುಪು ತೊಟ್ಟು ಪ್ರಾಚೀನರ ಗ್ರಂಥಗಳ ಮುಂದೆ ಕೂರುತ್ತಿದ್ದನೆಂದು ಗೆಳೆಯ ವೆಟ್ಟೋರಿಗೆ ತಾನೇ ಬರೆದಿದ್ದಾನೆ. ಹಾಗೆ ಹುಟ್ಟಿದ ಪುಸ್ತಕವನ್ನು ಅರ್ಪಿಸಿದ್ದು ಯಾರಿಗೆ? ಅದೇ ಮೆಡಿಚಿಗಳಿಗೆ, ಮತ್ತೆ ಕೆಲಸದ ಆಸೆಯಿಂದ! ಹಳೆಯ ಹುದ್ದೆ ಸಿಗಲೇ ಇಲ್ಲ. 1527ರಲ್ಲಿ ಆತ ತೀರಿಕೊಂಡ; ಪುಸ್ತಕ ಅಚ್ಚಾದದ್ದು 1532ರಲ್ಲಿ.