ಕಪಿಲೆಯಿಂದ ಮೋಟಾರಿಗೆ: ಗಣಪತಿ ಸೀಮೆಯ ಬಾವಿಗಳು



ಕೊಯಮತ್ತೂರಿನ ಸತ್ಯಮಂಗಲ ರಸ್ತೆಯಲ್ಲಿರುವ ಗಣಪತಿ ಎಂದರೆ ಇಂದು ನಮಗೆ ನೆನಪಾಗುವುದು ಫೌಂಡ್ರಿ, ಲೇತ್, ಬಸ್ಸಿನ ಗದ್ದಲ. ಆದರೆ ಈ ಸೀಮೆ ಹಿಂದೆ ಬೇಸಾಯದ್ದು. ಮಳೆಯನ್ನೇ ನಂಬಿದ ಹೊಲಕ್ಕೆ ಇಲ್ಲಿಯವರು 'ಕಾಡು' ಎನ್ನುತ್ತಾರೆ, ಬಾವಿ ನೀರಿನ ಹೊಲಕ್ಕೆ 'ತೋಟ'. (ಅಜ್ಜ ಕಾಡಿಗೆ ಹೋಗಿದ್ದಾರೆ ಎಂದರೆ ಗಾಬರಿಯಾಗಬೇಡಿ!) ಕಾಡಿನಲ್ಲಿ ಜೋಳ, ಸಜ್ಜೆ, ಹತ್ತಿ. ಘಟ್ಟದ ಮರೆಯಲ್ಲಿರುವುದರಿಂದ ಮಳೆ ಕಡಿಮೆ. ಹಾಗಾಗಿ ಬಾವಿಯೇ ಜೀವ.

1799ರವರೆಗೆ ಕೊಯಮತ್ತೂರು ಮೈಸೂರು ರಾಜ್ಯಕ್ಕೆ ಸೇರಿತ್ತು. ನಮ್ಮ ಕನ್ನಡದ ಕಪಿಲೆಯೇ ಇಲ್ಲಿನ ಕವಲೈ. ಜೋಡೆತ್ತು ಇಳಿಜಾರಿನಲ್ಲಿ ಮುಂದೆ ಇಳಿದರೆ ನೀರು ತುಂಬಿದ ಚರ್ಮದ ಚೀಲ ಮೇಲೆ ಬರುತ್ತದೆ. ಹಿಂದೆ ಹತ್ತಿದರೆ ಚೀಲ ಬಾವಿಗೆ ಇಳಿಯುತ್ತದೆ. ಬೆಳಗಿನ ಜಾವದಿಂದ ಇದೇ ಕೆಲಸ. ಹಾಗಾಗಿ ಎತ್ತು ಎಳೆಯುವಷ್ಟೇ ನೀರು, ಆ ನೀರಿಗೆ ತಕ್ಕಷ್ಟೇ ತೋಟ. ಆದಿಕಾಂಡ 26ನೇ ಅಧ್ಯಾಯದಲ್ಲಿ ಇಸಾಕನ ಆಳುಗಳು ಬಾವಿಗಾಗಿ ಜಗಳವಾಡಿದ್ದು ಏಕೆಂದು ಇಂಥ ನೆಲದವರಿಗೆ ಬಿಡಿಸಿ ಹೇಳಬೇಕಿಲ್ಲ.

1932ರಲ್ಲಿ ನೀಲಗಿರಿಯ ಪೈಕಾರ ಜಲವಿದ್ಯುತ್ ಕೇಂದ್ರ ಶುರುವಾಯಿತು. ಆ ಕರೆಂಟು ಗಿರಣಿಗಳಿಗೂ ಬಂತು, ಬಾವಿಗಳಿಗೂ ಬಂತು. 1937ರಲ್ಲಿ ಡಿ. ಬಾಲಸುಂದರಂ ಕೊಯಮತ್ತೂರಿನಲ್ಲೇ ಮೋಟಾರು ತಯಾರಿಸಿದರು. ಮುಂದೆ ಅವರ ಟೆಕ್ಸ್‌ಟೂಲ್ ಕಾರ್ಖಾನೆ ಎದ್ದದ್ದು ಇದೇ ಗಣಪತಿಯಲ್ಲಿ. ರೈತನ ಬೆನ್ನು ಹಗುರಾಯಿತು, ನಿಜ. ಆದರೆ ಎತ್ತಿಗೆ ದಣಿವಿತ್ತು, ಮೋಟಾರಿಗೆ ಇಲ್ಲ. ನೀರು ಕೆಳಗಿಳಿದಂತೆ ಬಾವಿಯನ್ನೂ ಆಳ ಮಾಡಬೇಕಾಯಿತು, ಸಾಲವೂ ಬೆಳೆಯಿತು. ಎತ್ತಿಗೆ ಹುಲ್ಲು ಹಾಕಿದರೆ ಸಾಕಿತ್ತು. ಮೋಟಾರಿಗೆ ಬಿಲ್ಲು ಕಟ್ಟಬೇಕು.

ಆ ಬಿಲ್ಲೇ ಮುಂದೆ ಜೀವ ತೆಗೆಯಿತು. ವಿದ್ಯುತ್ ದರ ಏರಿಸಿದ್ದನ್ನು ವಿರೋಧಿಸಿ ರೈತರು ಬೀದಿಗಿಳಿದಾಗ, 1970ರ ಜೂನ್ 19ರಂದು ಪೆರುಮಾನಲ್ಲೂರಿನಲ್ಲಿ ಪೊಲೀಸರ ಗುಂಡಿಗೆ ಮೂವರು ರೈತರು ಬಲಿಯಾದರು. 1972ರಲ್ಲಿ ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳತ್ವದಲ್ಲಿ ರೈತರು ಸಾವಿರಾರು ಎತ್ತಿನ ಗಾಡಿಗಳನ್ನು ಕೊಯಮತ್ತೂರಿಗೆ ತಂದು ರಸ್ತೆಗಳನ್ನೇ ತುಂಬಿಸಿಬಿಟ್ಟರು. ಮೋಟಾರಿನ ಬಿಲ್ಲಿಗಾಗಿ ಎತ್ತುಗಳೇ ಹೋರಾಟಕ್ಕೆ ಬಂದದ್ದನ್ನು ಓದುವಾಗ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಮಿಳುನಾಡಿನ ಎಲ್ಲ ರೈತರ ಪಂಪ್‌ಸೆಟ್ಟಿಗೂ ಉಚಿತ ವಿದ್ಯುತ್ ದೊರೆತದ್ದು 1990ರಲ್ಲಿ. ಅಷ್ಟರಲ್ಲಿ ಗಣಪತಿಯ ಹೊಲಗಳ ಮೇಲೆ ಶೆಡ್ಡುಗಳೂ ಮನೆಗಳೂ ಎದ್ದಿದ್ದವು.

ಪೆರುಮಾನಲ್ಲೂರಿನಲ್ಲಿ ಆ ರೈತರ ಸ್ಮಾರಕವಿದೆ. ಬರುವ ಜೂನ್ 19ಕ್ಕೆ ನಮ್ಮ ಯುವಕೂಟದ ಪ್ರಾರ್ಥನೆಯಲ್ಲಿ ಆ ಮೂವರನ್ನೂ ನೆನೆಯೋಣ.