ಗುಜರಿ ಗಣಕಗಳೂ ಮಧುಗಿರಿ ಸೀಮೆಯ ಕಲಿಕೆಯೂ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಕಂಪ್ಯೂಟರ್ ಕಲಿಕೆ ಬೆಳೆದುಬಂದ ಬಗೆಯನ್ನು ಅರಿಯಬೇಕಾದರೆ ಸರ್ಕಾರದ ಯೋಜನೆಗಳ ಜೊತೆಗೆ ಬೆಂಗಳೂರಿನ ಹಳೆಯ ಯಂತ್ರಗಳ ಪೇಟೆಯನ್ನೂ ನೋಡಬೇಕಾಗುತ್ತದೆ. ರಾಜ್ಯ ಸರ್ಕಾರವು 2001ರಲ್ಲಿ ಆರಂಭಿಸಿದ ‘ಮಾಹಿತಿ ಸಿಂಧು’ ಯೋಜನೆ ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಗುರಿಯಾಗಿಸಿಕೊಂಡಿತ್ತು. 2004ರಲ್ಲಿ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಯೂ ಬಂದಿತು. ಇಂತಹ ಯೋಜನೆಗಳಲ್ಲಿ ಬಳಕೆಯಾದ ‘ಬೂಟ್’ ಎಂಬ ಗುತ್ತಿಗೆ ಪದ್ಧತಿಯಂತೆ ಖಾಸಗಿ ಸಂಸ್ಥೆಯೊಂದು ಪ್ರಯೋಗಾಲಯವನ್ನು ಕಟ್ಟಿ, ಐದು ವರ್ಷ ನಡೆಸಿ, ಕೊನೆಗೆ ಶಾಲೆಗೆ ಬಿಟ್ಟುಕೊಡುತ್ತಿತ್ತು. ಅಲ್ಲಿಯವರೆಗೆ ಯಂತ್ರದ ಒಡೆತನ ಗುತ್ತಿಗೆದಾರನದಾದ್ದರಿಂದ ವಿದ್ಯಾರ್ಥಿಗೆ ಕೀಲಿಮಣೆ ಸಿಕ್ಕಿತೇ ಹೊರತು ಡಬ್ಬಿಯೊಳಗಿನ ಲೋಕ ಸಿಗಲಿಲ್ಲ. ಯಂತ್ರ ಶಾಲೆಯ ಸ್ವತ್ತಾಗುವ ಹೊತ್ತಿಗೆ ಆ ಮಾದರಿಯ ತಯಾರಿಕೆಯೇ ಸಾಮಾನ್ಯವಾಗಿ ನಿಂತುಹೋಗಿರುತ್ತಿತ್ತು.

ಬಿಚ್ಚಿ ಕಲಿಯುವ ಅವಕಾಶವನ್ನು ಒದಗಿಸಿದ್ದು ಗುಜರಿ ಯಂತ್ರ. ಅದು ಹೇರಳವಾಗಿ ಸಿಗುವಂತಾದುದಕ್ಕೆ ಬೆಂಗಳೂರಿನ ಉದ್ಯಮವೂ ತೆರಿಗೆಯ ನಿಯಮಗಳೂ ಕಾರಣ. ಕಂಪ್ಯೂಟರಿನ ಬೆಲೆಯಲ್ಲಿ ವರ್ಷಕ್ಕೆ ಶೇ 60ರಷ್ಟನ್ನು ಸವಕಳಿಯೆಂದು ಕಳೆಯಲು 2017ರ ಮಾರ್ಚ್‌ವರೆಗೆ ಆದಾಯ ತೆರಿಗೆ ನಿಯಮಗಳಲ್ಲಿ ಅವಕಾಶವಿದ್ದುದರಿಂದ, ಕೆಲವೇ ವರ್ಷಗಳಲ್ಲಿ ಲೆಕ್ಕದ ಪುಸ್ತಕದಲ್ಲಿ ಅದರ ಮೌಲ್ಯ ಅತ್ಯಲ್ಪವಾಗುತ್ತಿತ್ತು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಡಿ ಸುಂಕವಿಲ್ಲದೆ ತರಿಸಿದ ಯಂತ್ರಗಳನ್ನು ಎರಡು ವರ್ಷಗಳ ಬಳಕೆಯ ನಂತರ ಲಾಭದ ಉದ್ದೇಶವಿಲ್ಲದ ಮಾನ್ಯ ಶಿಕ್ಷಣ ಸಂಸ್ಥೆಗಳಿಗೆ ಸುಂಕ ತೆರದೆ ದಾನ ಕೊಡಬಹುದಾಗಿತ್ತು. ಕಂಪನಿಗಳು ಕೈಬಿಟ್ಟ ಉಳಿದ ಯಂತ್ರಗಳಲ್ಲಿ ಹಲವು ಸಾದರ್ ಪತ್ರಪ್ಪ ರಸ್ತೆಯ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡಿನ, ಅಂಗಡಿಗಳನ್ನು ಸೇರಿದವು.

ಹೆದ್ದಾರಿಯ ಮೇಲಿರುವ ಶಿರಾದವರಿಗೆ ಆ ಪೇಟೆ ನೇರ ಬಸ್ಸಿನ ದೂರದಲ್ಲಿತ್ತು. ಬಹುಪಾಲು ಆಂಧ್ರದಿಂದ ಸುತ್ತುವರಿದ ಪಾವಗಡದವರಿಗೆ ತಪ್ಪಾಗಿ ಕೊಂಡ ಒಂದು ಬಿಡಿಭಾಗವೆಂದರೆ ಇನ್ನೊಂದು ಇಡೀ ದಿನದ ಪ್ರಯಾಣ. ಆದ್ದರಿಂದ ಕೊಳ್ಳುವ ಮೊದಲೇ ಹೊಂದಾಣಿಕೆಯನ್ನು ಅರಿಯುವುದು ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಈ ಹವ್ಯಾಸದ ಮೊದಲ ಪಾಠವಾಗಿತ್ತು. ಹಾರ್ಡ್ ಡಿಸ್ಕನ್ನು ಅಗಲವಾದ ಪಟ್ಟಿಯಂತಹ ಕೇಬಲ್ಲಿನಿಂದ ಜೋಡಿಸುವ ಐಡಿಇ ವ್ಯವಸ್ಥೆಗೂ ತೆಳುವಾದ ಕೇಬಲ್ಲಿನ ಸಾಟಾ ವ್ಯವಸ್ಥೆಗೂ ಇರುವ ಭೇದ, ಡಿಡಿಆರ್ ರ‍್ಯಾಮಿನ ಒಂದು ಪೀಳಿಗೆಯ ಪಟ್ಟಿ ಇನ್ನೊಂದರ ಸ್ಲಾಟಿನಲ್ಲಿ ಕೂರದಂತೆ ಅದರ ಕಚ್ಚನ್ನು ಸ್ಥಳಾಂತರಿಸಿರುವುದು, ದಿನಾಂಕವನ್ನೂ ಆರಂಭದ ಸೂಚನೆಗಳನ್ನೂ ಕಾಯುವ ಸಿಆರ್2032 ಎಂಬ ಬಿಲ್ಲೆಯಾಕಾರದ ಬ್ಯಾಟರಿ ಸತ್ತಾಗ ಗಡಿಯಾರ ಹಿಂದಕ್ಕೆ ಹೋಗುವುದು, ಇವೆಲ್ಲ ಕೈಗೆ ಬಂದ ಯಂತ್ರ ಕೆಟ್ಟಿದ್ದರಿಂದಲೇ ಅರ್ಥವಾಗುತ್ತಿದ್ದ ಸಂಗತಿಗಳು. ರ‍್ಯಾಮಿನ ಚಿನ್ನದ ಲೇಪದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಸತ್ತಂತಿದ್ದ ಪೆಂಟಿಯಂ 4 ಎಷ್ಟೋ ಸಲ ಎದ್ದು ಕೂರುತ್ತದೆ. ಇಂತಹ ವಿದ್ಯೆಯನ್ನು ಯಾವ ಪಠ್ಯಕ್ರಮವೂ ಇಷ್ಟು ಅಗ್ಗವಾಗಿ ಕಲಿಸಲಿಲ್ಲ. ಆದರೆ ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನೊಳಗೆ ಸಾವಿರಾರು ವೋಲ್ಟಿನ ವಿದ್ಯುತ್ತೂ ಗಾಜಿನಲ್ಲಿ ಸೀಸವೂ ಇರುವುದರಿಂದ ಅದನ್ನು ಬಿಚ್ಚುವುದು ನಿಜವಾದ ಅಪಾಯ.

ಇಂತಹ ವಸ್ತುಗಳ ವಿಲೇವಾರಿಗೆಂದು ಶಿರಾದ ಅದೇ ಹೆದ್ದಾರಿಯ ಡಾಬಸ್‌ಪೇಟೆಯಲ್ಲಿ 2005ರಲ್ಲಿ ಕೆಲಸ ಆರಂಭಿಸಿದ ಇ-ಪರಿಸರ, ದೇಶದಲ್ಲಿ ಮೊದಲು ಅನುಮತಿ ಪಡೆದ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲಿ ಒಂದು. 2012ರ ಮೇ 1ರಿಂದ ಇ-ತ್ಯಾಜ್ಯ ನಿಯಮಗಳು ಜಾರಿಯಾದ ಮೇಲೆ ಕಂಪನಿಗಳು ತಮ್ಮ ಹಳೆಯ ಯಂತ್ರಗಳನ್ನು ಅಧಿಕೃತ ಸಂಸ್ಕರಣೆಗೆ ಒಪ್ಪಿಸಬೇಕಾಯಿತು. ಪರಿಸರದ ದೃಷ್ಟಿಯಿಂದ ಇದು ಅಗತ್ಯವಾಗಿತ್ತು. ಆದರೂ ಇನ್ನೂ ದುಡಿಯಬಲ್ಲ ಯಂತ್ರ ಪುಡಿಯಾಗುವ ಮುನ್ನ ಕಲಿಯುವವರ ಕೈಗೆ ಹೋಗುವಂತೆ ನೋಡಿಕೊಳ್ಳುವುದು ಅಷ್ಟೇ ಅಗತ್ಯ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದ್ದು, ವಿಂಡೋಸ್ 11 ಒಪ್ಪದ ಯಂತ್ರಗಳು ಲಿನಕ್ಸ್‌ನಂತಹ ಮುಕ್ತ ತಂತ್ರಾಂಶದಿಂದ ಇನ್ನೂ ನಡೆಯಬಲ್ಲವು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ವಿತರಣೆಯು 32 ಬಿಟ್ ಗಣಕಗಳಿಗೆ ಅನುಸ್ಥಾಪಕವನ್ನು ಒದಗಿಸುವುದನ್ನು ನಿಲ್ಲಿಸಿರುವುದರಿಂದ, ಆರಂಭದ ಪೆಂಟಿಯಂ 4 ಇರುವವರು ಅದರ ಹಿಂದಿನ ಆವೃತ್ತಿಯನ್ನೇ ಹಾಕಿಕೊಳ್ಳಬೇಕಾಗಿದೆ.