ಹೊಸ ಇಂಜಿನ್ನು, ಹಳೇ ದಾರಿ: ಬೋಡಿ ರೈಲಿನ ಚರಿತ್ರೆ ಹೇಳುವುದೇನು?

ತೇನಿ, ಕಂಬಂ ಸೀಮೆಯ ನಮ್ಮಂಥವರಿಗೆ, ಅಂದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವವರಿಗೆ, ರೈಲು ಅಂದರೆ ಬೋಡಿ ರೈಲು. ಮದುರೈ ಬಿಟ್ಟು ಉಸಿಲಂಪಟ್ಟಿ, ಆಂಡಿಪಟ್ಟಿ, ತೇನಿ ದಾಟಿ ಬೋಡಿನಾಯಕನೂರು ಸೇರುವ 90 ಕಿಲೋಮೀಟರ್ ದಾರಿ. 2025ರ ಜುಲೈ 26ರಂದು ತೂತ್ತುಕುಡಿಯ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ಈ ದಾರಿಯ ವಿದ್ಯುದೀಕರಣವನ್ನು ದೇಶಕ್ಕೆ ಸಮರ್ಪಿಸಿದರು. ಆಮೇಲೆ ಟೀ ಅಂಗಡಿಗಳಲ್ಲಿ ಒಂದೇ ಮಾತು: "ಕರೆಂಟು ಇಂಜಿನ್ನು ಬಂತಲ್ಲ, ಇನ್ನು ರೈಲು ಕೈ ಕೊಡೋ ಮಾತೇ ಇಲ್ಲ." ಈ ಮಾತು ಎಷ್ಟು ನಿಜ ಅಂತ ತಿಳಿಯಬೇಕಾದರೆ ಇಂಜಿನ್ನನ್ನು ಮಾತ್ರ ನೋಡಿದರೆ ಸಾಲದು. ಅದು ಓಡುವ ದಾರಿಯ ಚರಿತ್ರೆಯನ್ನೂ ನೋಡಬೇಕು.

ಬೋಡಿಗೆ ರೈಲು ಬಂದದ್ದು 1928ರಲ್ಲಿ. ಬೆಟ್ಟದ ಮೇಲಿನ ಏಲಕ್ಕಿ, ಟೀ, ಬಯಲಿನ ಹತ್ತಿ, ಎಲ್ಲಕ್ಕೂ ಮದುರೈ ಮಾರುಕಟ್ಟೆಯ ದಾರಿ ಬೇಕಿತ್ತು. ಹಾಕಿದ್ದು ಮೀಟರ್ ಗೇಜು, ಅಂದರೆ ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಅಂತರ. ಎರಡನೇ ಮಹಾಯುದ್ಧ ಬಂತು, ಕಂಬಿಯನ್ನೇ ಕಿತ್ತುಕೊಂಡು ಹೋದರು. ಮತ್ತೆ ಕಂಬಿ ಬಿದ್ದದ್ದು ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದಲ್ಲಿ. ಅದರ ಮೇಲೆ ಮೊದಲು ಉಗಿ ಇಂಜಿನ್ನು, ಆಮೇಲೆ ಡೀಸೆಲ್ಲು ಓಡಿದವು. ಆಂಡಿಪಟ್ಟಿ ಕಣಿವೆಯ ಏರಿನಲ್ಲಿ ಗಾಡಿ ನಿಧಾನವಾಗಿಯೇ ಹತ್ತುತ್ತಿತ್ತು. ಆ ನಿಧಾನಕ್ಕೆ ಜನರೂ ಒಗ್ಗಿಹೋಗಿದ್ದರು.

ಆ ಹಳೇ ದಾರಿಯ ಮೇಲೆ ಇವತ್ತಿನ ಇಂಜಿನ್ನು ಓಡಿಸಬಹುದಿತ್ತೇ? ಲೆಕ್ಕ ನೋಡಿ. ಮೀಟರ್ ಗೇಜಿನ ವೈಡಿಎಂ-4 ಡೀಸೆಲ್ ಇಂಜಿನ್ನಿನ ತೂಕ 72 ಟನ್. ಆರು ಅಚ್ಚುಗಳಿಗೆ ಹಂಚಿದರೆ ಒಂದೊಂದಕ್ಕೆ 12 ಟನ್. ಈಗ ಪ್ರಯಾಣಿಕರ ಗಾಡಿ ಎಳೆಯುವ ಡಬ್ಲ್ಯೂಎಪಿ-7 ಕರೆಂಟು ಇಂಜಿನ್ನು 123 ಟನ್. ಅದಕ್ಕೂ ಆರೇ ಅಚ್ಚು, ಒಂದೊಂದರ ಮೇಲೆ 20.5 ಟನ್. ಎತ್ತಿನ ಗಾಡಿಗೆ ಕಟ್ಟಿದ ಮೋರಿಯ ಮೇಲೆ ಕಲ್ಲು ತುಂಬಿದ ಲಾರಿ ಹತ್ತಿಸಿದ ಹಾಗೆ. ಗೇಜಿನ ಅಗಲ ಒಂದನ್ನೇ ಬದಲಾಯಿಸಿದರೆ ಆಗುತ್ತಿರಲಿಲ್ಲ. ಕಂಬಿ, ಸ್ಲೀಪರು, ಜಲ್ಲಿ, ಸೇತುವೆ, ಎಲ್ಲವೂ ಹೊಸದಾಗಬೇಕಿತ್ತು.

ಅದಕ್ಕೆ ತೆತ್ತ ಬೆಲೆ ನಮ್ಮವರಿಗೆ ಗೊತ್ತು. 2011 ಹುಟ್ಟುವ ಹೊತ್ತಿಗೆ ಮೀಟರ್ ಗೇಜು ರೈಲು ನಿಂತಿತು. ಮದುರೈಯಿಂದ ತೇನಿವರೆಗಿನ 75 ಕಿಲೋಮೀಟರಿಗೆ 500 ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು. ತೇನಿಗೆ ಮತ್ತೆ ರೈಲು ಬಂದದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನ್ 15ಕ್ಕೆ. ರೈಲು ನಿಂತಾಗ ಒಂದನೇ ಕ್ಲಾಸಿನಲ್ಲಿದ್ದ ಮಗು, ತೇನಿಗೆ ರೈಲು ಮರಳುವ ಹೊತ್ತಿಗೆ ಹನ್ನೆರಡನೇ ಕ್ಲಾಸು ಮುಗಿಸಿತ್ತು. ಅಷ್ಟು ವರ್ಷ ಕಾಲೇಜಿಗೆ, ಆಸ್ಪತ್ರೆಗೆ, ಕೋರ್ಟಿಗೆ ಎಲ್ಲರೂ ಬಸ್ಸನ್ನೇ ನೆಚ್ಚಿಕೊಂಡರು. ಪಳನಿಯ ದಾರಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ದಿಂಡಿಗಲ್–ಪಳನಿ ಬ್ರಾಡ್ ಗೇಜು 2012ರಲ್ಲಿ, ಪಳನಿ–ಪೊಳ್ಳಾಚಿ 2015ರಲ್ಲಿ ತೆರೆಯಿತು.

ಹಾಗಾದರೆ ಹಳೇ ದಾರಿ ಇರುವ ಕಡೆಗೆಲ್ಲ ಹೊಸ ಇಂಜಿನ್ನು ಆಗದೋ? ಆಗುತ್ತದೆ, ಇಂಜಿನ್ನನ್ನು ದಾರಿಗೆ ಒಗ್ಗಿಸಿದರೆ. ಮದ್ರಾಸಿನಲ್ಲಿ ಬೀಚ್–ತಾಂಬರಂ ನಡುವೆ 1931ರಲ್ಲೇ ಮೀಟರ್ ಗೇಜಿನ ಮೇಲೆ ಕರೆಂಟು ರೈಲು ಓಡಿತು, ಆಗ 1500 ವೋಲ್ಟ್ ಡಿಸಿ. 1960ರ ದಶಕದಲ್ಲಿ ತಾಂಬರಂ ಆಚೆ ವಿಳುಪ್ಪುರಂವರೆಗೆ 25,000 ವೋಲ್ಟ್ ಎಸಿ ತಂತಿ ಎಳೆದರು, ಹಳೇ ಭಾಗವನ್ನೂ ಅದಕ್ಕೇ ಬದಲಾಯಿಸಿದರು. ಮೀಟರ್ ಗೇಜು ತಾಳುವಷ್ಟು ಹಗುರವಾದ ವೈಎಎಂ-1 ಇಂಜಿನ್ನನ್ನು ಜಪಾನಿನಿಂದ ತರಿಸಿದರು. ಕಿರಿದಾದ ಆ ಕಂಬಿಯ ಮೇಲೆ ಉಪನಗರದ ಕರೆಂಟು ರೈಲು 2004ರವರೆಗೂ ಓಡಿತು. ದಾರಿ ಹಳೇದು ಅನ್ನುವ ಒಂದೇ ಕಾರಣಕ್ಕೆ ಅದು ಕೆಡಲಿಲ್ಲ.

ಪಾಂಬನ್ ಇನ್ನೊಂದು ಮುಖ. 1914ರಲ್ಲಿ ಸಮುದ್ರದ ಮೇಲೆ ಕಟ್ಟಿದ ಆ ಸೇತುವೆ 2007ರಲ್ಲಿ ಬ್ರಾಡ್ ಗೇಜಿಗೂ ಹೆಗಲು ಕೊಟ್ಟಿತು. ಆದರೆ ಎಂಥ ಇಂಜಿನ್ನು ಬಂದರೂ ಅಲ್ಲಿ ತೆವಳಿಕೊಂಡೇ ದಾಟಬೇಕಾಗಿತ್ತು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತಲೇ ಇತ್ತು. 2022ರ ಡಿಸೆಂಬರಿನಲ್ಲಿ ರೈಲು ನಿಂತಿತು. 2025ರ ಏಪ್ರಿಲ್ 6ಕ್ಕೆ ಪಕ್ಕದ ಹೊಸ ಸೇತುವೆ ತೆರೆಯುವತನಕ ರಾಮೇಶ್ವರಕ್ಕೆ ರೈಲೇ ಇರಲಿಲ್ಲ. ಇಂಜಿನ್ನಿನ ಬಲ ಎಷ್ಟೇ ಇರಲಿ, ಗಾಡಿಯ ವೇಗವನ್ನು ಕೊನೆಗೆ ನಿಶ್ಚಯ ಮಾಡುವುದು ದಾರಿಯ ಅತ್ಯಂತ ಬಡಕಲು ಜಾಗ.

ಈಗ ಕರೆಂಟಿನ ಮಾತು. ಡೀಸೆಲ್ ಇಂಜಿನ್ನು ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೊರಡುತ್ತದೆ. ಕರೆಂಟು ಇಂಜಿನ್ನಿಗೆ ಬುತ್ತಿ ಇರುವುದು ನೆತ್ತಿಯ ಮೇಲಿನ ತಂತಿಯಲ್ಲಿ. ಹೊಸ ಇಂಜಿನ್ನು ನಿಜವಾಗಿಯೂ ಗಟ್ಟಿ. ಹಳೇ ಮೋಟಾರಿನಲ್ಲಿ ಸವೆಯುತ್ತಿದ್ದ ಕಾರ್ಬನ್ ಬ್ರಷ್ಷು ಇದರ ಮೂರು ಫೇಸಿನ ಮೋಟಾರಿಗೆ ಬೇಕಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಕರೆಂಟನ್ನು ತಂತಿಗೆ ವಾಪಸು ಕೊಡುತ್ತದೆ. ಆದರೆ ತಂತಿಯ ಮೇಲೆ ಮರದ ಕೊಂಬೆ ಬಿದ್ದರೆ, ನವಿಲಿನಂಥ ದೊಡ್ಡ ಹಕ್ಕಿ ತಗುಲಿ ಕರೆಂಟು ಕತ್ತರಿಸಿದರೆ, ಇಂಜಿನ್ನಿಗೆ ಏನೂ ಆಗದಿದ್ದರೂ ಗಾಡಿ ನಿಂತುಬಿಡುತ್ತದೆ. ಒಂದು ಸಬ್‌ಸ್ಟೇಷನ್ನಿನ ಕರೆಂಟು ಮುಗಿದು ಇನ್ನೊಂದರದ್ದು ಶುರುವಾಗುವ ಕಡೆ ಕರೆಂಟಿಲ್ಲದ ಒಂದು ತುಂಡು ಇರುತ್ತದೆ. ಅದಕ್ಕೆ ನ್ಯೂಟ್ರಲ್ ಸೆಕ್ಷನ್ ಅಂತಾರೆ. ಅಲ್ಲಿ ಓಡುವ ಭರದಲ್ಲೇ ದಾಟಿಕೊಳ್ಳಬೇಕು. ಏರಿನಲ್ಲಿ ವೇಗ ಕಮ್ಮಿಯಾಗಿ ಅದರ ಕೆಳಗೇ ನಿಂತರೆ ಇನ್ನೊಂದು ಇಂಜಿನ್ನು ಬಂದು ಎಳೆಯಬೇಕಾದೀತು. ಇದರ ಜೊತೆಗೆ ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಧೂಳು, ಕಾವು, ತೇವ ಆಗಿಬರುವುದಿಲ್ಲ.

ಮುಲ್ಲೈ ಪೆರಿಯಾರ್ ನೀರಿನಿಂದ ನಮ್ಮ ಲೋವರ್ ಕ್ಯಾಂಪಿನಲ್ಲಿ 1950ರ ದಶಕದ ಕೊನೆಯಿಂದ ಕರೆಂಟು ತೆಗೆಯುತ್ತಿದ್ದಾರೆ. ಅದೇ ಕಣಿವೆಯ ರೈಲಿಗೆ ಕರೆಂಟು ಬರಲು 2025 ಆಯಿತು. ಕಂಬಂ, ಲೋವರ್ ಕ್ಯಾಂಪಿನವರು ರೈಲು ಬೇಕು ಅಂತ ಇನ್ನೂ ಕೇಳುತ್ತಲೇ ಇದ್ದಾರೆ. ಕೇಳುವಾಗ ಇಂಜಿನ್ನಿನ ಹೆಸರು, ಬೋಗಿಯ ಬಣ್ಣದ ಜೊತೆಗೆ ಇನ್ನೂ ಕೆಲವನ್ನು ಕೇಳಬೇಕು. ಗ್ಯಾಂಗ್‌ಮನ್ನುಗಳು ಸಾಕಷ್ಟು ಇದ್ದಾರೆಯೇ? ತಂತಿ ರಿಪೇರಿಯ ಗಾಡಿ ಎಷ್ಟು ದೂರದಲ್ಲಿ ನಿಂತಿರುತ್ತದೆ? ಮಳೆಗಾಲಕ್ಕೆ ಮುಂಚೆ ಹಳಿಯ ಪಕ್ಕದ ಮರ ಸವರುತ್ತಾರೆಯೇ?

ಇವತ್ತು ನಮ್ಮ ದಾರಿ ಹೊಸದು. 1928ರಲ್ಲಿ ಹಾಕಿದ್ದೂ ಅವತ್ತಿಗೆ ಹೊಸದೇ. ದಾರಿಗೆ ವಯಸ್ಸಾಗುವುದನ್ನು ಯಾರೂ ತಡೆಯಲಾರರು. ಆದರೆ ವರ್ಷವರ್ಷ ನೋಡಿಕೊಂಡರೆ ಬೀಚ್–ತಾಂಬರಂ ಥರ ದಶಕಗಟ್ಟಲೆ ನಡೆದೀತು. ನೋಡಿಕೊಳ್ಳದೆ ಬಿಟ್ಟರೆ ಮತ್ತೊಂದು ತಲೆಮಾರಿನ ಮಕ್ಕಳು ರೈಲಿಲ್ಲದೆ ಶಾಲೆ ಮುಗಿಸಬೇಕಾದೀತು.